ಭತ್ತದೊಳಗೆ ಏಳು ತಾಸು

ಗಂಗಾವತಿಯ ಹೊರಗೆ, ಕಾಲುವೆಗೆ ಬೆನ್ನು ಕೊಟ್ಟು ನಿಂತ ಒಂದು ಅಕ್ಕಿ ಗಿರಣಿಯಲ್ಲಿ ಓಬಳೆಪ್ಪ ಹದಿನಾಲ್ಕು ವರ್ಷದಿಂದ ದುಡಿಯುತ್ತಿದ್ದ. ಕುಷ್ಟಗಿ ಕಡೆಯ ಒಣಬೇಸಾಯದ ಊರಿನವನು. ಮದುವೆಯಾದ ವರ್ಷವೇ ಹೆಂಡತಿ ಯಮನೂರಮ್ಮನನ್ನು ಕರೆದುಕೊಂಡು ಈ ನೀರಾವರಿ ಸೀಮೆಗೆ ಬಂದಿದ್ದ. ಮೊದಮೊದಲು ಚೀಲ ಹೊತ್ತ, ಆಮೇಲೆ ಬಾಯ್ಲರಿಗೆ ಹೊಟ್ಟು ಹಾಕಿದ, ಈಗ ನಾಲ್ಕು ಬಿನ್ನುಗಳ ಜವಾಬ್ದಾರಿ ಅವನದಾಗಿತ್ತು. ಬಿನ್ನು ಎಂದರೆ ತಗಡಿನ ದೊಡ್ಡ ಕಣಜ. ಮೂರಂತಸ್ತಿನ ಮನೆಯಷ್ಟು ಎತ್ತರ. ಮೇಲೆ ಒಬ್ಬ ಮನುಷ್ಯ ಇಳಿಯುವಷ್ಟು ಅಗಲದ ಬಾಯಿ, ಕೆಳಗೆ ಕಿರಿದಾಗುತ್ತ ಹೋಗುವ ತಳ. ತಳದ ಬಾಗಿಲು ಸರಿಸಿದರೆ ಭತ್ತ ತಾನಾಗಿ ಇಳಿದು ಬೆಲ್ಟಿನ ಮೇಲೆ ಬಿದ್ದು ಮಿಲ್ಲಿನೊಳಕ್ಕೆ ಹೋಗುತ್ತದೆ.

ಆದರೆ ಓಣಿಯಲ್ಲಿ ಓಬಳೆಪ್ಪನ ಹೆಸರು ನಿಂತದ್ದು ಬಿನ್ನಿನ ಕೆಲಸದಿಂದಲ್ಲ, ಅವನ ಮಾತಿನಿಂದ. ಹತ್ತು ವರ್ಷದ ಹಿಂದೆ ಗಂಡ ಹೆಂಡತಿ ಇಬ್ಬರೂ ದೀಕ್ಷಾಸ್ನಾನ ಪಡೆದು ಕ್ರಿಸ್ತನ ದಾರಿ ಹಿಡಿದಿದ್ದರು. ಗಿರಣಿಯ ಹಿಂದಿನ ಓಣಿಯಲ್ಲಿ ತಗಡಿನ ಮಾಡಿನ ಪ್ರಾರ್ಥನಾ ಮನೆಯಿತ್ತು. ಮೂವತ್ತು ಮನೆಯವರ ಆ ಚಿಕ್ಕ ಸಭೆಗೆ ಓಬಳೆಪ್ಪ ಹಿರಿಯ. ಯಾರು ಹಾಸಿಗೆ ಹಿಡಿದರೂ, ಯಾರ ಮನೆಯಲ್ಲಿ ಸಾವಾದರೂ ಪಾಸ್ಟರಿಗಿಂತ ಮೊದಲು ಅವನು ಅಲ್ಲಿರುತ್ತಿದ್ದ. ಕೊಪ್ಪಳದ ದವಾಖಾನೆಯ ವಾರ್ಡುಗಳಲ್ಲಿ ಅವನ ದನಿ ಕೇಳಿದವರು ಬಹಳ ಮಂದಿ. "ಧೈರ್ಯ ಬಿಡಬ್ಯಾಡ್ರಿ, ದೇವರದಾನ. ಎಲ್ಲಾದಕ್ಕೂ ಸ್ತೋತ್ರ ಹೇಳ್ರಿ, ಆತ ಮಾಡಿದ್ದೆಲ್ಲಾ ಒಳ್ಳೇದಕ್ಕ" ಎಂದು ಶುರು ಮಾಡಿದರೆ ಅರ್ಧ ತಾಸು ನಿಲ್ಲುತ್ತಿರಲಿಲ್ಲ. "ಓಬಳೆಪ್ಪ ಬಂದು ನಾಕು ಮಾತಾಡಿದ್ರ ಅರ್ಧ ಬ್ಯಾನಿ ಅಲ್ಲೇ ಇಳೀತೈತಿ" ಎಂದು ಜನ ಹೇಳುತ್ತಿದ್ದರು. ಆ ಮಾತು ಅವನ ಕಿವಿಗೂ ಬಿದ್ದಿತ್ತು. ಬಿದ್ದಾಗಲೆಲ್ಲ ಅವನಿಗೆ ಹಿತವಾಗಿತ್ತು.

ಒಂದೇ ಒಂದು ಮನೆಯಲ್ಲಿ ಆ ಮಾತು ನಡೆದಿರಲಿಲ್ಲ. ಅದು ಹನುಮೇಶನ ಮನೆ.

ಹನುಮೇಶ ಯಲಬುರ್ಗಾ ಕಡೆಯ ಹುಡುಗ. ಓಬಳೆಪ್ಪನಿಗಿಂತ ಹನ್ನೆರಡು ವರ್ಷ ಚಿಕ್ಕವನು. ಗಿರಣಿಗೆ ಬರುವ ಮೊದಲು ಸೋದರಮಾವನ ಸಂಗಡ ಊರೂರು ತಿರುಗಿ ಸಂಡಾಸದ ಗುಂಡಿಗೆ ಸಿಮೆಂಟಿನ ರಿಂಗು ಇಳಿಸುತ್ತಿದ್ದ. ಅವನನ್ನು ಗಿರಣಿಗೆ ಸೇರಿಸಿದವನು ಓಬಳೆಪ್ಪ, ಪ್ರಾರ್ಥನಾ ಮನೆಗೆ ಕರೆತಂದವನೂ ಅವನೇ. "ಅಣ್ಣಾ, ನೀ ಹೇಳಿದ್ರ ಮುಗೀತು" ಎಂದು ಹಿಂದೆ ಮುಂದೆ ತಿರುಗುತ್ತಿದ್ದ ಹನುಮೇಶನಿಗೆ ಮದುವೆಯಾಗಿ ನಾಲ್ಕನೇ ವರ್ಷಕ್ಕೆ ಒಂದು ಹೆಣ್ಣುಕೂಸು ಹುಟ್ಟಿತು. ಏಳೇ ದಿನ ಇದ್ದು ಹೋಯಿತು.

ಮಣ್ಣು ಮಾಡಿದ ಮೂರನೇ ದಿನ ಓಬಳೆಪ್ಪ ಅವರ ಮನೆಗೆ ಹೋದ. ಹನುಮೇಶನ ಹೆಂಡತಿ ಲಲಿತಾ ಗೋಡೆಗೆ ಮುಖ ಮಾಡಿ ಮಲಗಿದ್ದಳು. ಓಬಳೆಪ್ಪ ಚಾಪೆಯ ಮೇಲೆ ಕುಳಿತವನೇ ತನ್ನ ಮಾತು ಶುರು ಮಾಡಿದ. ದೇವರ ಚಿತ್ತ, ದೇವರ ಯೋಜನೆ, ಇದಕ್ಕೂ ಸ್ತೋತ್ರ ಹೇಳಬೇಕು, ದೇವರ ಉಪಕಾರ ನೆನೆಯಬೇಕು, ನೆನೆದರೆ ಎದೆ ಹಗುರಾಗುತ್ತದೆ. ಹತ್ತು ನಿಮಿಷ ಕೇಳಿದ ಹನುಮೇಶ ಎದ್ದು ಬಾಗಿಲು ತೆರೆದು ಹಿಡಿದು ನಿಂತ. "ಹೋಗ್ಬರ್ರಿ" ಎಂದ. ಅಷ್ಟೇ. ಅಲ್ಲಿಯವರೆಗೆ 'ನೀ' ಎನ್ನುತ್ತಿದ್ದವನ ಬಾಯಲ್ಲಿ ಅಂದಿನಿಂದ 'ನೀವು' ಬಂತು. ಪ್ರಾರ್ಥನಾ ಮನೆಯ ಕಡೆ ಅವನು ತಲೆ ಹಾಕಲಿಲ್ಲ. ಒಂದೇ ಗಿರಣಿಯಲ್ಲಿ ದುಡಿದರೂ ಹನ್ನೊಂದು ತಿಂಗಳು ಕೆಲಸದ ಮಾತು ಬಿಟ್ಟು ಬೇರೆ ಮಾತಿರಲಿಲ್ಲ. ಹುಡುಗನ ವಿಶ್ವಾಸ ಸಣ್ಣದು ಎಂದು ಓಬಳೆಪ್ಪ ತನಗೆ ತಾನೇ ಹೇಳಿಕೊಂಡ. ಯಮನೂರಮ್ಮ ಒಮ್ಮೆ, "ನೀವ ಒಂದ್ಸಲ ಹೋಗಿ ಬರ್ರಿ" ಎಂದಾಗ, "ನಾ ಏನು ತಪ್ಪು ಹೇಳೀನಿ" ಎಂದು ಅವಳ ಬಾಯಿ ಮುಚ್ಚಿಸಿದ.

ಡಿಸೆಂಬರಿನ ಎರಡನೇ ಶನಿವಾರ. ಮರುದಿನ ಸಭೆಯಲ್ಲಿ ಸುಗ್ಗಿಯ ಕೃತಜ್ಞತೆಯ ಆರಾಧನೆ ಇತ್ತು. ಹೊಸ ಭತ್ತ, ಬಾಳೆಗೊನೆ, ಕುಂಬಳಕಾಯಿ ತಂದು ವೇದಿಕೆಯ ಮುಂದೆ ಇಟ್ಟು ದೇವರಿಗೆ ಸ್ತೋತ್ರ ಹೇಳುವ ದಿನ. ಆ ದಿನ ಮೊದಲು ಎದ್ದು ಸಾಕ್ಷಿ, ಅಂದರೆ ದೇವರು ತನಗೆ ಮಾಡಿದ್ದನ್ನು ಎಲ್ಲರ ಮುಂದೆ, ಹೇಳುವವನು ಓಬಳೆಪ್ಪನೇ. ಬೆಳಿಗ್ಗೆ ಗಿರಣಿಗೆ ಬರುವಾಗಲೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದ.

ಹತ್ತೂವರೆಗೆ ಮೂರನೇ ಬಿನ್ನಿನಿಂದ ಭತ್ತ ಇಳಿಯುವುದು ನಿಂತಿತು. ಹಸಿ ಇರುವಾಗಲೇ ತುಂಬಿದ ಭತ್ತ ಒಳಗೆ ಹೆಪ್ಪುಗಟ್ಟಿ ಕೂತಿತ್ತು. ಸೂಪರ್‌ವೈಸರ್ ಪ್ರವೀಣಕುಮಾರ ಇಪ್ಪತ್ತಾರರ ಹುಡುಗ, ಆಫೀಸಿನ ಬಾಗಿಲಲ್ಲೇ ನಿಂತು, "ಓಬಳೆಪ್ಪಣ್ಣ, ಮಾಲು ನಿಂತೈತಿ ನೋಡ್ರಿ. ಸ್ವಲ್ಪ ಕುಕ್ಕಿ ಬರ್ರಿ" ಎಂದ. ಹಗ್ಗ ಗೋಡೆಗೆ ತೂಗುತ್ತಿತ್ತು. ಹತ್ತು ನಿಮಿಷದ ಕೆಲಸಕ್ಕೆ ಹಗ್ಗ ಯಾಕೆಂದು ಓಬಳೆಪ್ಪ ಕಬ್ಬಿಣದ ಸಲಾಕೆಯೊಂದನ್ನೇ ಹಿಡಿದು ಏಣಿ ಹತ್ತಿದ. ಬೆಲ್ಟನ್ನು ನಿಲ್ಲಿಸಿದ್ದಾರೋ ಇಲ್ಲವೋ ಎಂದೂ ಕೇಳಲಿಲ್ಲ.

ಒಳಗಿನ ಏಣಿಯಿಂದ ಇಳಿದು ಭತ್ತದ ಮೇಲೆ ಕಾಲಿಟ್ಟಾಗ ಅದು ನೆಲದ ಹಾಗೆ ಗಟ್ಟಿಯಾಗಿತ್ತು. ಮೂರು ಸಲ ಸಲಾಕೆಯಿಂದ ಕುಕ್ಕಿದ. ನಾಲ್ಕನೇ ಸಲಕ್ಕೆ ಕಾಲಡಿಯ ಹೆಪ್ಪು ಧಸಕ್ಕನೆ ಒಡೆಯಿತು. ಕೆಳಗೆಲ್ಲ ಟೊಳ್ಳಾಗಿತ್ತು. ಸೊಂಟದವರೆಗೆ ಒಮ್ಮೆಲೇ ಇಳಿದ. ಕೆಳಗೆ ಬೆಲ್ಟು ಓಡುತ್ತಲೇ ಇತ್ತು. ಭತ್ತ ಅವನ ಕಾಲುಗಳನ್ನು ಯಾರೋ ಹಿಡಿದೆಳೆದ ಹಾಗೆ ಕೆಳಕ್ಕೆ ಜಗ್ಗತೊಡಗಿತು. ಹೊಟ್ಟೆ ಮುಳುಗಿತು, ಎದೆ ಮುಳುಗಿತು. ಅವನು ಚೀರಿದ.

ಆ ಚೀರು ಕೇಳಿದ್ದು ಒಬ್ಬಳಿಗೇ. ಬಿನ್ನಿನ ತಳದಲ್ಲಿ ಉದುರಿದ ಕಾಳು ಗುಡಿಸುತ್ತಿದ್ದ ಗೌಸಬೀಗೆ. ಅರವತ್ತು ದಾಟಿದ ಮುದುಕಿ. ಗೋಡೆಯ ಮೇಲಿನ ಕೆಂಪು ಗುಂಡಿ ಮುಟ್ಟಬಾರದೆಂದು ಅವಳಿಗೆ ಕೆಲಸಕ್ಕೆ ಸೇರಿದ ದಿನವೇ ತಾಕೀತು ಮಾಡಿದ್ದರು. ಅವಳು ಪೊರಕೆ ಬಿಟ್ಟು ಓಡಿ ಅಂಗೈಯಿಂದ ಆ ಗುಂಡಿಯನ್ನು ಗುದ್ದಿದಳು. ಬೆಲ್ಟು ನಿಂತಿತು.

ಓಬಳೆಪ್ಪನೂ ನಿಂತ. ಭತ್ತ ಕಂಕುಳವರೆಗೆ ಬಂದಿತ್ತು. ಬಲಗೈ ಮೇಲಿತ್ತು, ಎಡಗೈ ಒಳಗೆ, ಮೈಗೆ ಅಂಟಿಕೊಂಡು ಹೂತುಹೋಗಿತ್ತು. ಅವನ ಮುಂದೆ ಒಂದು ಆಳೆತ್ತರಕ್ಕೆ, ಕುಸಿಯದೆ ಉಳಿದ ಭತ್ತದ ಹೆಪ್ಪು ತಗಡಿಗೆ ಅಂಟಿ ಗೋಡೆಯ ಹಾಗೆ ನಿಂತಿತ್ತು.

ಬದುಕಿದೆ ಎಂದುಕೊಂಡ. ಇನ್ನೇನು ಹಗ್ಗ ಬಿಡುತ್ತಾರೆ, ಎಳೆದುಕೊಳ್ಳುತ್ತಾರೆ ಎಂದುಕೊಂಡ. ಆಮೇಲೆ ಉಸಿರು ಬಿಟ್ಟ. ಎದೆ ಕುಗ್ಗಿದಷ್ಟು ಜಾಗಕ್ಕೆ ಭತ್ತ ಜಾರಿ ಬಂದು ಕೂತಿತು. ಮತ್ತೆ ಉಸಿರು ಎಳೆಯಲು ನೋಡಿದರೆ ಮೊದಲಿನಷ್ಟು ಜಾಗವಿರಲಿಲ್ಲ. ಪ್ರತಿ ಉಸಿರಿಗೂ ಪಟ್ಟು ಒಂದೊಂದು ಕಾಳಿನಷ್ಟು ಬಿಗಿಯಾಗುತ್ತಿತ್ತು.

ಏಣಿಯ ಮೇಲೆ ಕಾಲುಗಳ ಸದ್ದು. ಮೇಲಿನ ಬಾಯಲ್ಲಿ ಮೊದಲು ಕಂಡದ್ದು ಪ್ರವೀಣಕುಮಾರನ ಮುಖ. ಅದು ಬಿಳಿಚಿತ್ತು. ಆಮೇಲೆ ಹಗ್ಗ ಬಂತು. ಮೇಲಿಂದ ಹೇಳಿದ ಹಾಗೆ ಬಲಗೈಯಿಂದ ಕಂಕುಳಡಿ ಹೇಗೋ ಸಿಕ್ಕಿಸಿಕೊಂಡ. ಆರೇಳು ಆಳು ಒಟ್ಟಿಗೆ ಎಳೆದರು. ಸೊಂಟದ ಕೆಳಗಿನ ಮೈ ಅಲ್ಲೇ ಉಳಿದು ಮೇಲಿನ ಅರ್ಧ ಮಾತ್ರ ಕಿತ್ತು ಬರುತ್ತದೆ ಎನ್ನಿಸಿತು. ಭುಜದ ಕೀಲು ಕಟಕ್ಕೆಂದಿತು. ಕೂಗಲು ಉಸಿರಿರಲಿಲ್ಲ. ಮೇಲೆ ಯಾರದೋ ದನಿ, "ಬಿಡ್ರಿ ಹಗ್ಗಾ. ಹಿಂಗ ಜಗ್ಗಿದ್ರ ಆತ ಸಾಯ್ತಾನ" ಎಂದು ಗದರಿತು. ಅದು ಹನುಮೇಶನ ದನಿ.

ಅಗ್ನಿಶಾಮಕದವರಿಗೆ ಫೋನು ಹೋಗಿತ್ತು. ಅವರು ಬರುವ ತನಕ ಮೇಲೆ ಬಂದವರೆಲ್ಲ ಒಬ್ಬೊಬ್ಬರಾಗಿ ಬಿನ್ನಿನ ಬಾಯಿಗೆ ಬಗ್ಗಿ ಓಬಳೆಪ್ಪನಿಗೆ ಧೈರ್ಯ ಹೇಳಿದರು.

"ಓಬಳೆಪ್ಪಣ್ಣ, ಧೈರ್ಯ ಬಿಡಬ್ಯಾಡ್ರಿ. ದೇವರದಾನ."

"ನೀವ ನಮಗ ಹೇಳಾವ್ರು, ನೀವ ಹೆದರಿದ್ರ ಹೆಂಗ್ರಿ."

"ಪ್ರಾರ್ಥನಿ ಮಾಡ್ರಿ, ಸ್ತೋತ್ರ ಹೇಳ್ರಿ, ಎಲ್ಲಾ ಛಲೋ ಆಕ್ಕೈತಿ."

ಒಬ್ಬೊಬ್ಬರು ಬಗ್ಗಿದಾಗಲೂ ಆ ಬಾಯಿ ಮುಚ್ಚಿಹೋಗಿ ಒಳಗೆ ಕತ್ತಲಾಗುತ್ತಿತ್ತು. ಬರುತ್ತಿದ್ದ ಅಷ್ಟಿಷ್ಟು ಗಾಳಿಯೂ ನಿಲ್ಲುತ್ತಿತ್ತು. ಅವರ ಕೈ ತಾಗಿ ಅಂಚಿನ ಧೂಳು ಕಣ್ಣಿಗೆ ಉದುರುತ್ತಿತ್ತು. ಒಳ್ಳೆಯ ಜನ, ಅವನ ಜೀವಕ್ಕೆ ಮರುಗುವ ಜನ. ಆದರೂ ಅವರು ಬಾಯಿ ಮುಚ್ಚಿಕೊಂಡು ಅತ್ತ ಸರಿಯಲಿ, ಒಂದಿಷ್ಟು ಬೆಳಕು ಬಿಡಲಿ ಎಂದು ಅವನ ಪ್ರಾಣ ಬೇಡಿಕೊಳ್ಳುತ್ತಿತ್ತು. ಅವರು ಆಡುತ್ತಿದ್ದ ಒಂದೊಂದು ಮಾತೂ ಅವನದೇ. ದವಾಖಾನೆಯ ಮಂಚಗಳ ಪಕ್ಕದಲ್ಲಿ ನಿಂತು ಅವನು ಎಷ್ಟು ಸಲ ಹೀಗೆಯೇ ಬಗ್ಗಿದ್ದ.

ಪ್ರಾರ್ಥನೆ ಮಾಡಲು ನೋಡಿದ. ಹತ್ತು ವರ್ಷದಿಂದ ಸಲೀಸಾಗಿ ಹರಿದು ಬರುತ್ತಿದ್ದ ಮಾತು ಒಂದೂ ಬರಲಿಲ್ಲ. 'ಕರ್ತನೇ, ಇದಕ್ಕೂ ಸ್ತೋತ್ರ' ಎಂದು ಮನಸ್ಸಿನಲ್ಲೇ ಅಂದು ನೋಡಿದ. ಸುಳ್ಳು ಹೇಳಿದ ಹಾಗಾಯಿತು. ಈ ಭತ್ತಕ್ಕೆ, ಈ ಬಿಗಿತಕ್ಕೆ, ಮೂಗಿನಲ್ಲಿ ತುಂಬಿದ ಸುಂಕಿಗೆ, ಭತ್ತದ ಆ ಮುಳ್ಳುಧೂಳಿಗೆ, ಅವನ ಒಳಗಿನಿಂದ ಸ್ತೋತ್ರ ಹುಟ್ಟಲಿಲ್ಲ. ಹಾಗಾದರೆ ಇಷ್ಟು ವರ್ಷ ಮಂದಿಯ ಕೈಯಲ್ಲಿ ಹೇಳಿಸಿದ್ದೇನು? ಭಯಕ್ಕಿಂತ ದೊಡ್ಡದೊಂದು ನಾಚಿಕೆ ಅವನನ್ನು ಹಿಡಿಯಿತು. ಕಡೆಗೆ ಅರ್ಧ ಉಸಿರಿಗೆ ಹಿಡಿಯುವಷ್ಟೇ ಒಂದು ಮಾತು ಉಳಿಯಿತು: ಯೇಸಪ್ಪಾ, ಬಾ.

ಹೊತ್ತು ಏರಿದ ಹಾಗೆ ತಗಡು ಕಾದಿತು. ಬೆವರಿಗೆ ಸುಂಕು ಅಂಟಿ ಕುತ್ತಿಗೆಯೆಲ್ಲ ಉರಿಯತೊಡಗಿತು. ಕೆರೆದುಕೊಳ್ಳಲು ಒಂದೇ ಕೈ. ಆ ಕೈಯೆತ್ತಿದರೆ ಕಾಳು ಜಾರುತ್ತಿದ್ದವು. ಕಾಲುಗಳಲ್ಲಿ ಮೊದಲು ಸೂಜಿ ಚುಚ್ಚಿದ ಹಾಗಿತ್ತು, ಆಮೇಲೆ ಕಾಲುಗಳೇ ಇಲ್ಲದ ಹಾಗಾಯಿತು. ಹಸಿ ಭತ್ತದ ವಾಸನೆ. ಹದಿನಾಲ್ಕು ವರ್ಷ ಅನ್ನ ಕೊಟ್ಟ ವಾಸನೆ ಈಗ ಉಸಿರಿಗೇ ಅಡ್ಡ ನಿಂತಿತ್ತು.

ಯಮನೂರಮ್ಮ ಬಂದಳು. ಅವಳು ಯಾವತ್ತೂ ಅಷ್ಟು ಎತ್ತರ ಹತ್ತಿದವಳಲ್ಲ. ಬಿನ್ನಿನ ಬಾಯಿಯಿಂದ ಒಂದು ಸಲ ಇಣುಕಿ, ಗಂಡನ ಕಣ್ಣು ನೋಡಿ, "ನಾ ಇಲ್ಲೇ ಕುಂತೀನ್ರಿ" ಎಂದಳು. ಅಷ್ಟು ಹೇಳಿ ಪಕ್ಕಕ್ಕೆ ಸರಿದಳು. ಬೆಳಕು ಮರಳಿ ಬಂತು. ಅಂಚನ್ನು ಹಿಡಿದ ಅವಳ ನಾಲ್ಕು ಬೆರಳು ಮಾತ್ರ ಕಾಣುತ್ತಿದ್ದವು. ಅವಳು ಮತ್ತೆ ಮಾತಾಡಲಿಲ್ಲ, ಬೆರಳನ್ನೂ ತೆಗೆಯಲಿಲ್ಲ. ಆ ಬೆರಳುಗಳನ್ನು ನೋಡುತ್ತ ಓಬಳೆಪ್ಪ ಎಷ್ಟೋ ಉಸಿರುಗಳನ್ನು ದಾಟಿಸಿದ.

ಅಗ್ನಿಶಾಮಕದವರು ಬಂದಾಗ ಹನ್ನೆರಡು ದಾಟಿತ್ತು. ತಳದ ಬಾಗಿಲು ತೆರೆದರೆ ಮನುಷ್ಯ ಕೆಳಗೆ ಸೆಳೆದುಹೋಗುತ್ತಾನೆ. ಗ್ಯಾಸಿನಿಂದ ತಗಡು ಕತ್ತರಿಸಿದರೆ ಧೂಳಿಗೆ ಬೆಂಕಿ ಹತ್ತುತ್ತದೆ. ಅಗೆದು ತೆಗೆಯೋಣವೆಂದರೆ ಒಂದು ಬುಟ್ಟಿ ತೆಗೆದಲ್ಲಿ ಎರಡು ಬುಟ್ಟಿ ಜಾರಿ ಬರುತ್ತದೆ. ಅವರ ಅಧಿಕಾರಿ ಮೇಲೆ ನಿಂತು ಲೆಕ್ಕ ಹಾಕುವುದು ಓಬಳೆಪ್ಪನಿಗೆ ಕೇಳಿಸುತ್ತಿತ್ತು. ಆಗ ಹನುಮೇಶ ಹೇಳಿದ: "ಸರ್, ಸಂಡಾಸದ ಗುಂಡಿಗೆ ರಿಂಗ್ ಇಳಸ್ತೀವಲ್ರಿ, ಹಂಗ ಮಾಡೂಣು. ಆತನ ಸುತ್ತ ಒಂದು ತಗಡಿನ ರಿಂಗ್ ಕೂಡ್ರಸೂಣು. ಒಳಗಿನ ಕಾಳು ಬಗಿದ್ರ ಹೊರಗಿಂದು ಒಳಗ ಬರಾಂಗಿಲ್ಲ. ಬಗದಂಗ ಬಗದಂಗ ರಿಂಗ್ ಕೆಳಗ ಒತ್ತಬೇಕು."

ಅಧಿಕಾರಿ ಬಿನ್ನಿನೊಳಗೆ ಇಣುಕಿ ನೋಡಿ, "ಇಳಿಯೋರು ಯಾರು?" ಎಂದ.

"ನಾನ ಇಳೀತೀನ್ರಿ. ನನಗ ಕೈ ಕುಂತೈತಿ."

ಅಂಗಳದಲ್ಲಿ ಎರಡು ಡೀಸೆಲ್ ಡ್ರಮ್ಮು ಸೀಳುವ ಸದ್ದು ಶುರುವಾಯಿತು. ಅದಕ್ಕೂ ಮೊದಲೇ ಹನುಮೇಶ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಎರಡು ಹಲಗೆಯ ಸಂಗಡ ಇಳಿದ. ಭತ್ತದ ಮೇಲೆ ಹಲಗೆ ಹಾಸಿ ಅದರ ಮೇಲೆ ಬೋರಲು ಮಲಗಿ, ಒಂದೊಂದೇ ಮೊಳ ಸರಿಯುತ್ತ ಓಬಳೆಪ್ಪನ ಹತ್ತಿರ ಬಂದ. ಹನ್ನೊಂದು ತಿಂಗಳಲ್ಲಿ ಅವರ ಮುಖ ಇಷ್ಟು ಹತ್ತಿರ ಬಂದದ್ದು ಅದೇ ಮೊದಲು. ಹನುಮೇಶ ಕೊರಳಿನ ಒದ್ದೆ ಟವೆಲು ತೆಗೆದು ಓಬಳೆಪ್ಪನ ಕಣ್ಣು, ಮೂಗು, ತುಟಿ ಒರೆಸಿದ. ಟವೆಲಿನ ಚುಂಗು ಬಾಯಿಗಿಟ್ಟು ನೀರು ಹೀರಿಸಿದ.

ಓಬಳೆಪ್ಪ ಏನೋ ಹೇಳಲು ಬಾಯಿ ತೆರೆದ.

"ಮಾತಾಡಬ್ಯಾಡ. ಉಸಿರು ಸಣ್ಣಗ ತಗೋ. ಪೂರಾ ಬಿಡಬ್ಯಾಡ. ನನ್ನ ನೋಡು, ನಾ ತಗೊಂಡಾಗ ನೀ ತಗೋ."

'ನೀ' ಎಂದದ್ದು ಓಬಳೆಪ್ಪನ ಕಿವಿಗೆ ಬಿತ್ತು. ಹನುಮೇಶ ಅವನ ಕಣ್ಣೆದುರು ಮಲಗಿ ಉಸಿರಾಡತೊಡಗಿದ, ಅವನು ಅದನ್ನು ನೋಡುತ್ತ ಉಸಿರಾಡಿದ. ಎಷ್ಟು ಹೊತ್ತೋ. ಎದೆಯ ಮೇಲಿನ ಪಟ್ಟು ಸಡಿಲಾಗಲಿಲ್ಲ, ಆದರೆ ಅದು ಇನ್ನಷ್ಟು ಬಿಗಿಯುವುದು ನಿಂತಿತು.

ಡ್ರಮ್ಮಿನ ನಾಲ್ಕು ಬಾಗಿದ ತಗಡು ಹಗ್ಗದಲ್ಲಿ ಇಳಿದು ಬಂದವು. ಮೊದಲನೆಯದನ್ನು ಓಬಳೆಪ್ಪನ ಬೆನ್ನಿನ ಹಿಂದೆ ನಿಲ್ಲಿಸಿ, ಅಲುಗಿಸಿ ಅಲುಗಿಸಿ ಒಂದು ಗೇಣು ಇಳಿಸುವಷ್ಟರಲ್ಲಿ, ಮುಂದಿನ ಹೆಪ್ಪಿನ ಗೋಡೆಯಲ್ಲಿ ಸಣ್ಣಗೆ ಸರಸರ ಎಂದಿತು. ಇಬ್ಬರೂ ತಲೆಯೆತ್ತಿ ನೋಡಿದರು. ಗೋಡೆ ಬಾಗಿ, ನಿಂತು, ಆಮೇಲೆ ಇಡಿಯಾಗಿ ಜಾರಿ ಬಂತು.

ಕತ್ತಲು. ಕಿವಿಯಲ್ಲಿ, ಮೂಗಿನಲ್ಲಿ, ಹಲ್ಲಿನ ನಡುವೆ ಕಾಳು. ಓಬಳೆಪ್ಪ ಸತ್ತೆ ಎಂದುಕೊಂಡ. ಆದರೆ ಮುಖದ ಮುಂದೆ ಒಂದು ಹಿಡಿಯಷ್ಟು ಜಾಗ ಹಾಗೇ ಉಳಿದಿತ್ತು. ಹನುಮೇಶ ಅವನ ತಲೆಯ ಮೇಲೆ ಕವಿದು ಬಿದ್ದಿದ್ದ. ಎರಡೂ ತೋಳನ್ನು ಅವನ ಮುಖದ ಸುತ್ತ ಕಟ್ಟೆಯ ಹಾಗೆ ಸುತ್ತಿದ್ದ. ಬೆನ್ನಿನ ಮೇಲೆಲ್ಲ ಭತ್ತ. ಅವನ ಎದೆಬಡಿತ ಓಬಳೆಪ್ಪನ ನೆತ್ತಿಗೆ ತಾಗುತ್ತಿತ್ತು.

ಮೇಲಿಂದ ಅಧಿಕಾರಿ ಕೂಗಿದ, "ಹನುಮೇಶ, ಮ್ಯಾಲ ಬಾ. ಹಗ್ಗ ಎಳೀತೀವಿ."

"ಎಳೀಬ್ಯಾಡ್ರಿ. ನಾ ಕೈ ತಗದ್ರ ಈತನ ಬಾಯಾಗ ತುಂಬ್ತೈತಿ. ತಡೀರಿ, ಕಾಳು ನಿಲ್ಲಲಿ."

ಕಾಳು ನಿಂತಿತು. ಭತ್ತ ಓಬಳೆಪ್ಪನ ಗದ್ದಕ್ಕೆ ಬಂದಿತ್ತು. ಹನುಮೇಶ ಒಂದು ತೋಳಿನಿಂದ ಕಟ್ಟೆ ಹಿಡಿದೇ ಇನ್ನೊಂದು ಕೈಯ ಬೆರಳಿನಿಂದ ಅವನ ಬಾಯೊಳಗಿನ ಕಾಳು ತೆಗೆದ, ತಾಯಿ ಕೂಸಿನ ಬಾಯಿಂದ ಮಣ್ಣು ತೆಗೆದ ಹಾಗೆ.

"ನೀ ಹೋಗು," ಎಂದ ಓಬಳೆಪ್ಪ. ದನಿ ದನಿಯಂತಿರಲಿಲ್ಲ. "ಲಲಿತಾ ಒಬ್ಬಾಕಿ ಆಗ್ತಾಳ."

"ಸುಮ್ನಿರು."

"ಅವತ್ತು... ನಿಮ್ಮ ಮನ್ಯಾಗ..."

"ಈಗ ಬ್ಯಾಡ ಅಣ್ಣಾ. ಉಸಿರು ಹಿಡಿ."

ಸುಮಾರು ಹೊತ್ತು ಕಳೆಯಿತು. ಮೇಲೆ ಅಗ್ನಿಶಾಮಕದವರು ಒಳಗಿಳಿಯಲು ಹಲಗೆ, ಹಗ್ಗ ಹೊಂದಿಸುತ್ತಿದ್ದರು. ಹನುಮೇಶ ಅಲುಗಾಡುವಂತಿರಲಿಲ್ಲ, ತೋಳು ತೆಗೆಯುವಂತಿರಲಿಲ್ಲ. ಅವನೂ ಈಗ ಸಿಕ್ಕಿಬಿದ್ದವನೇ. ಓಬಳೆಪ್ಪನ ಕಿವಿಯ ಹತ್ತಿರವೇ ಅವನ ಬಾಯಿ. ಅವನೇ ಮೆಲ್ಲಗೆ ಮಾತು ತೆಗೆದ.

"ಅವತ್ತು ನೀ ಬರಬಾರದಾಗಿತ್ತು ಅಂತ ನನಗ ಅನಿಸಿಲ್ಲ. ಬಂದಿ, ಛಲೋ ಆತು ಅಂದ್ಕೊಂಡೆ. ಆಕಿ ಮೂರು ದಿನದಿಂದ ನೀರು ಕುಡದಿದ್ದಿಲ್ಲ. ನೀ ಆಕಿ ಮಾರಿ ನೋಡಲಿಲ್ಲ. ಕುಂತ ಕೂಡ್ಲೇ ಸ್ತೋತ್ರ ಹೇಳು ಅಂದಿ. ನೀ ಸುಮ್ನ ಕುಂದ್ರಬೇಕಿತ್ತು ಅಣ್ಣಾ. ಅಷ್ಟ."

ಓಬಳೆಪ್ಪನ ಕಣ್ಣಿಂದ ನೀರು ಇಳಿದು ಗದ್ದದ ಭತ್ತಕ್ಕೆ ಸೇರಿತು. ತಪ್ಪಾಯಿತು ಎನ್ನಲು ಎರಡು ಉಸಿರು ಬೇಕಾಯಿತು. ಹನುಮೇಶ ಮುಖದ ಪಕ್ಕದ ತೋಳನ್ನು ಇನ್ನಷ್ಟು ಒತ್ತಿ ಹಿಡಿದ. ಆ ತೋಳು ಆಯಾಸದಿಂದ ನಡುಗುತ್ತಿತ್ತು. ಆ ನಡುಗುವ ತೋಳಿಗೆ ಕೆನ್ನೆ ಆನಿಸಿದ್ದಾಗ ಓಬಳೆಪ್ಪನ ಒಳಗಿನಿಂದ, ಯಾರೂ ಹೇಳಿಸದೆ, ಒಂದು ಸ್ತೋತ್ರ ಎದ್ದಿತು. ಭತ್ತಕ್ಕಲ್ಲ, ಬಿನ್ನಿಗಲ್ಲ. ಬಾ ಎಂದು ಕರೆದಿದ್ದ; ಇಷ್ಟು ಹತ್ತಿರ ಒಬ್ಬನು ಬಂದಿದ್ದ.

"ಸ್ತೋತ್ರ," ಎಂದ. "ನೀ ಬಂದಿ."

"ಮಾತಾಡಬ್ಯಾಡ ಅಂದ್ನಿಲ್ಲ," ಎಂದ ಹನುಮೇಶ. ದನಿ ಒಡೆದಿತ್ತು.

ಹಲಗೆ ಹಾಸಿಕೊಂಡು ಅಗ್ನಿಶಾಮಕದ ಇಬ್ಬರು ಇಳಿದರು. ನಾಲ್ಕೂ ತಗಡು ಕೂರಿಸಿ ತಂತಿ ಬಿಗಿಯುವುದಕ್ಕೇ ಒಂದೂವರೆ ತಾಸು ಹಿಡಿಯಿತು. ರಿಂಗಿನ ಒಳಗಿನ ಕಾಳನ್ನು ಡಬ್ಬಿಯಿಂದ ಬಗಿದು ಬಕೆಟ್ಟಿಗೆ ಹಾಕುವುದು, ಬಕೆಟ್ಟು ಮೇಲಕ್ಕೆ, ರಿಂಗು ಕೆಳಕ್ಕೆ. ಗದ್ದ ಬಿಟ್ಟಿತು, ಭುಜ ಬಿಟ್ಟಿತು. ಎದೆ ಬಿಟ್ಟಾಗ ಓಬಳೆಪ್ಪ ಬೆಳಗಿನಿಂದ ಮೊದಲ ಸಲ ಪೂರಾ ಉಸಿರು ಎಳೆದ. ಅದು ಚಾಕುವಿನಿಂದ ಇರಿದ ಹಾಗೆ ನೋಯಿತು. ಹನುಮೇಶನನ್ನು ಮೇಲೆ ಹೋಗೆಂದು ಎಷ್ಟು ಹೇಳಿದರೂ ಹೋಗಲಿಲ್ಲ. ಅವನ ಎರಡೂ ಕೈಯ ಉಗುರಿನ ಬುಡದಲ್ಲಿ ರಕ್ತ ಬರುತ್ತಿತ್ತು.

ಮಂಡಿ ಬಿಟ್ಟಾಗ ಹೊತ್ತು ಮುಳುಗಲು ಬಂದಿತ್ತು. ಪಟ್ಟಿ ಕಟ್ಟಿ ಮೇಲಕ್ಕೆಳೆದು, ಕೆಳಗಿಳಿಸಿ, ಸ್ಟ್ರೆಚರ್ ಮೇಲೆ ಮಲಗಿಸಿದರು. ಅಂಗಳದ ತುಂಬ ಜನ. ಗುಂಪಿನಾಚೆ, ಪೊರಕೆಯನ್ನು ಎದೆಗೆ ಹಿಡಿದು ನಿಂತ ಗೌಸಬೀಯ ಮುಖ ಒಂದು ಕ್ಷಣ ಕಂಡಿತು.

ಕೊಪ್ಪಳದ ದವಾಖಾನೆಯಲ್ಲಿ ಹನ್ನೊಂದು ದಿನ ಇದ್ದ. ಅಷ್ಟು ಹೊತ್ತು ಒತ್ತಡದಲ್ಲಿದ್ದ ಕಾಲಿನ ಮಾಂಸದಿಂದ ಕಿಡ್ನಿಗೆ ಪೆಟ್ಟಾಗುವ ಭಯವಿತ್ತು, ಅದು ತಪ್ಪಿತು. ಎಡಗಾಲಿನ ಪಾದ ಮಾತ್ರ ಎತ್ತಿದರೆ ಏಳುತ್ತಿರಲಿಲ್ಲ. ಸಭೆಯವರು ದಿನವೂ ಬಂದರು. ಕೆಲವರು ಎಲ್ಲಾ ಒಳ್ಳೇದಕ್ಕೆ ಎಂದರು. ಅವನು ತಲೆಯಾಡಿಸಿದ. ಪಕ್ಕದ ಮಂಚದಲ್ಲಿ ಗಿಣಿಗೇರಾದ ಕಾರ್ಖಾನೆಯಲ್ಲಿ ಕೈ ಸುಟ್ಟುಕೊಂಡ ಒಬ್ಬ ಮುದುಕನಿದ್ದ, ನೋವಿಗೆ ನರಳುತ್ತಿದ್ದ. ಯಮನೂರಮ್ಮ ಗಂಡನ ಕಡೆ ನೋಡಿದಳು. ಈಗ ಮಾತು ಶುರು ಮಾಡುತ್ತಾನೆ ಎಂದುಕೊಂಡಳು. ಓಬಳೆಪ್ಪ ಕೈ ಚಾಚಿ ಮುದುಕನ ನೀರಿನ ಲೋಟ ತುಂಬಿ ಅವನ ಹತ್ತಿರಕ್ಕೆ ಸರಿಸಿದ. "ಭಾಳ ಉರೀತೈತೇನ್ರಿ?" ಎಂದು ಕೇಳಿದ. ಮುದುಕ ಹೇಳಿದ್ದನ್ನೆಲ್ಲ ಕೇಳಿದ.

ಓಣಿಗೆ ಮರಳಿದ ಮೇಲೆ ಮೊದಲು ಗೌಸಬೀಯ ಮನೆಗೆ ಹೋದ. "ಅವ್ವಾ, ನಿನ್ನಿಂದ ಉಳದೆ" ಎಂದಾಗ ಅವಳು, "ನಾ ಗುಂಡಿ ಒತ್ತೀನಿ ಅಷ್ಟ ಬೇಟಾ. ಬೈತಾರಂತ ಅಂಜಿಕಿ ಇತ್ತು" ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಭಾನುವಾರ ಸಭೆಯಲ್ಲಿ ಪಾಸ್ಟರು ಸಾಕ್ಷಿ ಹೇಳಲು ಕರೆದರು. ದೊಡ್ಡ ಸಾಕ್ಷಿಯೊಂದು ಬರುತ್ತದೆಂದು ಜನ ಮುಂದಕ್ಕೆ ಸರಿದು ಕೂತರು. ಓಬಳೆಪ್ಪ ಕೋಲೂರಿ ಎದ್ದು ನಿಂತ.

"ಒಳಗಿದ್ದಾಗ ನನಗ ಪ್ರಾರ್ಥನಿ ಬರಲಿಲ್ಲ. ಹೆದರಿದ್ದೆ," ಎಂದ. "ದೇವರು ನನ್ನ ಕೈ ಬಿಡಲಿಲ್ಲ. ಗೌಸಬೀ ಅವ್ವನ್ನ ಕಳಿಸಿದ, ಹನುಮೇಶನ್ನ ಕಳಿಸಿದ, ನನ್ನ ಹೆಂಡ್ತಿ ಹೊತ್ತು ಮುಳುಗೂ ತನಕ ತಗಡಿನ ಮ್ಯಾಲ ಬಿಸಲಾಗ ಕುಂತಳು. ಅವರಿಗಾಗಿ ಸ್ತೋತ್ರ. ನಿಮ್ಮ ಕಷ್ಟದಾಗ ಬಂದು ನಾ ಭಾಳ ಮಾತಾಡೀನಿ. ಯಾರಿಗೆ ನೋವಾಗೈತಿ, ಅವ್ರು ಕ್ಷಮಿಸ್ರಿ." ಕುಳಿತುಬಿಟ್ಟ. ಹಿಂದಿನ ಸಾಲಿನಲ್ಲಿ ಒಬ್ಬ ಹೆಣ್ಣುಮಗಳು ಬಿಕ್ಕಿದಳು.

ಅಂದು ಸಂಜೆ ಹನುಮೇಶನ ಮನೆಗೆ ಹೋದ. ಹನುಮೇಶ ಪಾಳಿ ಮುಗಿಸಿ ಬಂದಿರಲಿಲ್ಲ. ಲಲಿತಾ ಚಾಪೆ ಹಾಸಿದಳು, ಚಹಾ ಕೊಟ್ಟಳು, ತಾನು ಬಾಗಿಲ ಹತ್ತಿರ ಮೆಣಸಿನಕಾಯಿ ತೊಟ್ಟು ಬಿಡಿಸುತ್ತ ಕೂತಳು. ಓಬಳೆಪ್ಪ ಚಹಾ ಕುಡಿದ. ನಾಲಿಗೆಯ ತುದಿಗೆ ಬಂದ ಮಾತನ್ನೆಲ್ಲ ನುಂಗಿಕೊಂಡ. ಸುಮ್ಮನೆ ಕೂರುವುದು ಅವನಿಗೆ ಭತ್ತದಲ್ಲಿ ಸಿಕ್ಕಿಬಿದ್ದಷ್ಟೇ ಕಷ್ಟವಾಯಿತು. ಆದರೂ ಕೂತ. ಕಾಲು ಗಂಟೆಯಾಯಿತು, ಅರ್ಧ ಗಂಟೆಯಾಯಿತು. ಓಣಿಯಲ್ಲಿ ಎಮ್ಮೆಗಳು ಮನೆಗೆ ಬಂದವು.

ಲಲಿತಾ ತಲೆಯೆತ್ತದೆ ಹೇಳಿದಳು, "ಕೂಸಿಗೆ ಹೆಸರಿಟ್ಟಿದ್ವಿ ಅಣ್ಣಾ. ಯಾರೂ ಕೇಳಲಿಲ್ಲ."

"ಏನಂತ ಇಟ್ಟಿದ್ರಿ ತಂಗಿ?"

"ರಂಜಿತಾ."

"ರಂಜಿತಾ," ಎಂದ ಓಬಳೆಪ್ಪ.

ಅವಳ ಕೈ ನಿಂತಿತು. ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಕೂಸಿನ ತಲೆತುಂಬ ಕೂದಲಿದ್ದುದನ್ನು ಹೇಳಿದಳು. ಹಾಲು ಕುಡಿಯುವಾಗ ಒಂದೇ ಕಣ್ಣು ತೆರೆದು ನೋಡುತ್ತಿದ್ದುದನ್ನು, ಅಪ್ಪನ ಹೆಬ್ಬೆರಳು ಹಿಡಿದರೆ ಬಿಡದೇ ಇದ್ದುದನ್ನು ಹೇಳಿದಳು. ಏಳು ದಿನದ ಮಾತು ಮುಗಿಯುವಷ್ಟರಲ್ಲಿ ಮಬ್ಬಾಗಿತ್ತು. ಹನುಮೇಶ ಬಂದು ಹೊಸ್ತಿಲಲ್ಲಿ ನಿಂತವನು ಇಬ್ಬರನ್ನೂ ನೋಡಿದ, ಒಳಗೆ ಬಂದು ಲೈಟು ಹಾಕಿದ. ಓಬಳೆಪ್ಪನ ಕೋಲನ್ನು ಎತ್ತಿ ಗೋಡೆಗೆ ಆನಿಸಿ, ಅವನ ಪಕ್ಕದಲ್ಲೇ ಚಾಪೆಯ ಮೇಲೆ ಕೂತ.

"ರೊಟ್ಟಿ ಬಡಿ," ಎಂದ ಹೆಂಡತಿಗೆ. "ಅಣ್ಣ ಉಂಡು ಹೋಗ್ಲಿ."